ನಾಕಾಬಂದಿಯಲ್ಲಿ ನಿಂತವರ ಜೀವ: ಓದುಗರ ಪ್ರಶ್ನೆಗಳಿಗೆ ಉತ್ತರ

ವಾಹನ ತಡೆದು ತಪಾಸಣೆ ಮಾಡುವ ಪೊಲೀಸ್ ಸಿಬ್ಬಂದಿಯ ಸುರಕ್ಷತೆ ಕುರಿತು ಬಂದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಸೇರಿಸಿ ಒಂದಾಗಿಸಿದ್ದೇವೆ.

ನನ್ನ ಯಜಮಾನರು ಹೆದ್ದಾರಿ ಬದಿಯ ಠಾಣೆಯೊಂದರಲ್ಲಿ ಕಾನ್‌ಸ್ಟೆಬಲ್. ವಾರಕ್ಕೆ ಮೂರು ರಾತ್ರಿ ನಾಕಾಬಂದಿ ಡ್ಯೂಟಿ ಇರುತ್ತದೆ. ಹೊಳೆಯುವ ಜಾಕೆಟ್ ಕೊಟ್ಟಿದ್ದಾರೆ, ಅದು ಸಾಕು ಅನ್ನುತ್ತಾರೆ. ನಿಜವಾಗಿಯೂ ಸಾಕಾ ಸರ್?
— ಗೃಹಿಣಿ, ಹಿರಿಯೂರು

ಸಾಲದು ಅಮ್ಮಾ. ಜಾಕೆಟ್ ಬೇಕೇ ಬೇಕು. ಆದರೆ ಉಳಿದ ವ್ಯವಸ್ಥೆಯೆಲ್ಲ ಕೈಕೊಟ್ಟಾಗ ಕೊನೆಗೆ ಉಳಿಯುವ ರಕ್ಷಣೆ ಅದು. ಮೊದಲ ರಕ್ಷಣೆ ದೂರ.

ಗಂಟೆಗೆ 100 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 28 ಮೀಟರ್ ಸಾಗುತ್ತದೆ. ಚಾಲಕನ ಕಣ್ಣಿಗೆ ಬಿದ್ದದ್ದು ಮನಸ್ಸಿಗೆ ಹೊಳೆದು, ಕಾಲು ಬ್ರೇಕಿನ ಮೇಲೆ ಬೀಳಲು ಎರಡೂವರೆ ಸೆಕೆಂಡ್ ಎಂದು ರಸ್ತೆ ಇಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಅಷ್ಟರಲ್ಲೇ 70 ಮೀಟರ್ ಹೋಯಿತು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ವಿನ್ಯಾಸದ ಲೆಕ್ಕದಲ್ಲಿ ವಾಹನ ಪೂರ್ತಿ ನಿಲ್ಲಲು 50 ಕಿ.ಮೀ. ವೇಗದಲ್ಲಿ 60 ಮೀಟರ್, 65ರಲ್ಲಿ 90, 80ರಲ್ಲಿ 120, 100ರಲ್ಲಿ 180 ಮೀಟರ್ ಬೇಕು. ಮಳೆ, ಸವೆದ ಟೈರು, ಕುಡಿದ ಚಾಲಕ ಸೇರಿದರೆ ಇದು ಇನ್ನೂ ಹೆಚ್ಚು. ಜಾಕೆಟ್ಟಿನ ಪಟ್ಟಿ ದೂರದಿಂದ ಮಿನುಗಬಹುದು. ಅದು ಕಲ್ಲಿನ ಕಂಬವಲ್ಲ, ಮನುಷ್ಯ, ಅದೂ ತನ್ನ ಲೇನಿನಲ್ಲೇ ನಿಂತಿದ್ದಾನೆ ಎಂದು ನಿದ್ದೆಗಣ್ಣಿನ ಚಾಲಕನಿಗೆ ಅರಿವಾಗಲು ಹೊತ್ತು ಬೇಕು. ಧೂಳು ಕೂತ, ಹಲವು ಸಲ ಒಗೆದ ಜಾಕೆಟ್ಟಿನ ಹೊಳಪೂ ಹೋಗಿರುತ್ತದೆ. ಸೆಕೆಗೆ ಜಿಪ್ ಬಿಚ್ಚಿಕೊಂಡು ನಿಂತರೆ ಎದೆಯ ಪಟ್ಟಿ ಪಕ್ಕಕ್ಕೆ ಮಡಚಿಹೋಗಿ ಎದುರಿನಿಂದ ಕಾಣುವುದೇ ಇಲ್ಲ.

ಹಾಗಾಗಿ 100 ಕಿ.ಮೀ. ಓಟದ ರಸ್ತೆಯಲ್ಲಿ ಮೊದಲ ಎಚ್ಚರಿಕೆ ಫಲಕ ಮತ್ತು ಮಿನುಗುವ ಬ್ಲಿಂಕರ್ ತಪಾಸಣೆಯ ಜಾಗಕ್ಕಿಂತ ಕನಿಷ್ಠ 200 ಮೀಟರ್ ಹಿಂದೆ ಇರಬೇಕು. ಆಮೇಲೆ ಕೋನ್‌ಗಳು. ಅವು ರಸ್ತೆಗೆ ತಟಕ್ಕನೆ ಅಡ್ಡ ಬರಬಾರದು. ಹತ್ತು ಹತ್ತು ಮೀಟರಿಗೊಂದರಂತೆ ಓರೆಯಾಗಿ ಇಟ್ಟು, ಎರಡು ಲೇನಿನ ಓಟವನ್ನು ನಿಧಾನವಾಗಿ ಒಂದಕ್ಕೆ ಇಳಿಸಬೇಕು. ವೇಗದ ಹೆದ್ದಾರಿಯಲ್ಲಿ ಹಾವಿನಂತೆ ಅಂಕುಡೊಂಕಾಗಿ ಬ್ಯಾರಿಕೇಡ್ ಇಡುವ ಅಭ್ಯಾಸವನ್ನು ಬಿಟ್ಟೇಬಿಡಬೇಕು. ರಾತ್ರಿ ಲಾರಿ ಮೊದಲ ಬ್ಯಾರಿಕೇಡ್ ತಪ್ಪಿಸಲು ಹೋಗಿ ಎರಡನೆಯದಕ್ಕೆ ಗುದ್ದುತ್ತದೆ. ಅದರ ಪಕ್ಕದಲ್ಲೇ ಸಿಬ್ಬಂದಿ ನಿಂತಿರುತ್ತಾರೆ.

ಜಾಗದ ಆಯ್ಕೆಯಲ್ಲೇ ಅರ್ಧ ಅಪಾಯ ಕಳೆಯುತ್ತದೆ. ತಿರುವು ಮುಗಿದ ಕೂಡಲೇ, ಮೇಲ್ಸೇತುವೆ ಇಳಿಜಾರಿನ ಬುಡದಲ್ಲಿ, ದಿಬ್ಬದ ನೆತ್ತಿಯ ಆಚೆ, ಮರದ ನೆರಳಿನ ಕತ್ತಲೆಯಲ್ಲಿ ತಪಾಸಣೆ ಬೇಡ. ಟೋಲ್ ದಾಟಿದ ತಕ್ಷಣದ ಜಾಗ, ಸಿಗ್ನಲ್, ಚೆಕ್‌ಪೋಸ್ಟ್‌ನ ಹಂಪ್ ಬಳಿ ಗಾಡಿಗಳು ತಾವಾಗಿಯೇ ನಿಧಾನವಾಗಿರುತ್ತವೆ. ನಿಲ್ಲಿಸಿದ ಗಾಡಿಯನ್ನು ಡಾಂಬರಿನ ಮೇಲೆ ಬಿಡದೆ ಎಡಕ್ಕೆ, ರಸ್ತೆಯಿಂದ ಪೂರ್ತಿ ಹೊರಗೆ ಎಳೆಸಲು ಜಾಗವಿರಬೇಕು.

ಇಲಾಖೆಯ ಜೀಪನ್ನು ಗಾಡಿಗಳು ಬರುವ ದಿಕ್ಕಿನಲ್ಲಿ, ಸಿಬ್ಬಂದಿ ನಿಲ್ಲುವ ಜಾಗಕ್ಕಿಂತ 15–20 ಮೀಟರ್ ಹಿಂದೆ ನಿಲ್ಲಿಸಿ. ಅದರೊಳಗೆ ಯಾರೂ ಕೂರಬಾರದು. ಅದರ ಮುಂದೆಯೇ ಯಾರೂ ನಿಲ್ಲಬಾರದು, ಏಕೆಂದರೆ ಹಿಂದಿನಿಂದ ಗುದ್ದಿದರೆ ಜೀಪು ಮುಂದಕ್ಕೆ ಹಾರುತ್ತದೆ. ತಪಾಸಣೆಯಲ್ಲಿರುವ ಗಾಡಿ ಮತ್ತು ಜೀಪಿನ ನಡುವಿನ ಸಂದಿಯಂತೂ ಕಾಲು ಕಳೆದುಕೊಳ್ಳುವ ಜಾಗ. ಚಲನ್ ಬರೆಯಲು ಬಾನೆಟ್ ಸಿಗುತ್ತದೆಂದು ಅಲ್ಲೇ ನಿಲ್ಲುವವರು ಬಹಳ.

ಕನಿಷ್ಠ ನಾಲ್ವರು ಬೇಕು. ಒಬ್ಬರು ಮುಂದೆ ನಿಂತು ಕೆಂಪು ಬ್ಯಾಟನ್‌ನಲ್ಲಿ ನಿಧಾನಿಸಲು ಸೂಚನೆ ಕೊಡುತ್ತಾರೆ, ತಡೆಯಲು ಹೋಗುವುದಿಲ್ಲ. ಒಬ್ಬರು ಬದಿಗೆ ಎಳೆಸುತ್ತಾರೆ. ಒಬ್ಬರು ಚಾಲಕನೊಂದಿಗೆ ಮಾತಾಡುತ್ತಾರೆ. ನಾಲ್ಕನೆಯವರಿಗೆ ನೋಡುವುದಷ್ಟೇ ಕೆಲಸ, ಬರುವ ಗಾಡಿಗಳನ್ನೂ ನಿಂತ ಗಾಡಿಯೊಳಗಿನ ಕೈಗಳನ್ನೂ. ಅವರ ಕೈಯಲ್ಲಿ ಮೊಬೈಲ್ ಆಗಲಿ ರಸೀದಿ ಪುಸ್ತಕವಾಗಲಿ ಇರಬಾರದು, ಬಾಯಲ್ಲಿ ಸೀಟಿ ಇರಬೇಕು. ಸೀಟಿ ಊದಿದರೆ ಯಾವ ಕಡೆ ಹಾರಬೇಕು ಎಂಬುದನ್ನು ಡ್ಯೂಟಿ ಶುರುವಾಗುವ ಮೊದಲೇ ಬೆಳಕು ಬಿಟ್ಟು ನೋಡಿಕೊಂಡಿರಬೇಕು. ಕತ್ತಲಲ್ಲಿ ತಡೆಗೋಡೆಯಾಚೆ ಮೋರಿ ಇರುವುದು ಹಾರಿದ ಮೇಲೆ ತಿಳಿಯಬಾರದು.

ಇನ್ನೊಂದನ್ನು ಯಜಮಾನರಿಗೆ ಮರೆಯದೆ ಹೇಳಿ. ಡ್ಯೂಟಿ ಮುಗಿಸಿ ಸಾಮಾನು ಎತ್ತುವ ಹೊತ್ತು ಬಲು ಅಪಾಯದ್ದು. ಎಲ್ಲರೂ ದಣಿದಿರುತ್ತಾರೆ, ಬೆಳಗಿನ ಜಾವದ ಗಾಡಿಗಳು ಜೋರಾಗಿರುತ್ತವೆ. ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯಬೇಕು. 200 ಮೀಟರ್ ಹಿಂದಿನ ಫಲಕ ಎಲ್ಲಕ್ಕಿಂತ ಕೊನೆಗೆ ಬರಬೇಕು. ಠಾಣೆ ಹತ್ತಿರ ಎಂದು ಅದನ್ನೇ ಮೊದಲು ಜೀಪಿಗೆ ಹಾಕಿಕೊಂಡರೆ, ಉಳಿದ ಕೋನ್ ಎತ್ತುವವರು ಯಾವ ಎಚ್ಚರಿಕೆಯೂ ಇಲ್ಲದ ರಸ್ತೆಯಲ್ಲಿ ಬೆನ್ನು ತೋರಿಸಿ ನಿಂತಂತಾಗುತ್ತದೆ.

ಕಾನ್‌ಸ್ಟೆಬಲ್ ಕೈ ತೋರಿಸಿದರೆ ನಿಲ್ಲಿಸಲೇಬೇಕೆಂದು ಕಾನೂನಿಲ್ಲ ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಹೌದಾ?
— ಕಾಲೇಜು ವಿದ್ಯಾರ್ಥಿ, ತುಮಕೂರು

ಅರ್ಧ ಓದಿದವರು ಬರೆದ ಸಂದೇಶ. 1988ರ ಮೋಟಾರು ವಾಹನ ಕಾಯ್ದೆಯ 132ನೇ ಸೆಕ್ಷನ್, ಸಮವಸ್ತ್ರದಲ್ಲಿರುವ ಸಬ್ ಇನ್‌ಸ್ಪೆಕ್ಟರ್ ಅಥವಾ ಮೇಲಿನ ಅಧಿಕಾರಿ ಸೂಚಿಸಿದಾಗ ವಾಹನ ನಿಲ್ಲಿಸಬೇಕು ಎನ್ನುವುದು ನಿಜ. ಆದರೆ 130ನೇ ಸೆಕ್ಷನ್ ಪ್ರಕಾರ ಸಮವಸ್ತ್ರದಲ್ಲಿರುವ ಯಾವುದೇ ಪೊಲೀಸ್ ಅಧಿಕಾರಿ ಕೇಳಿದರೂ ಲೈಸೆನ್ಸ್ ತೋರಿಸಬೇಕು. ಓಡುವ ಗಾಡಿಯಿಂದ ತೋರಿಸಲು ಆಗುವುದಿಲ್ಲವಲ್ಲ. ಕಾನೂನುಬದ್ಧ ಸೂಚನೆ ಮೀರಿದರೆ, ಅಡ್ಡಿಪಡಿಸಿದರೆ 179ನೇ ಸೆಕ್ಷನ್ ಅಡಿ 2,000 ರೂಪಾಯಿವರೆಗೆ ದಂಡವಿದೆ. ಕರ್ತವ್ಯದಲ್ಲಿರುವವರ ಮೇಲೆ ಬಲ ಪ್ರಯೋಗಿಸಿದರೆ ಭಾರತೀಯ ನ್ಯಾಯ ಸಂಹಿತೆಯ 132ನೇ ಸೆಕ್ಷನ್. ಹಿಂದೆ ಇದು ಐಪಿಸಿ 353 ಆಗಿತ್ತು. ಪೊಲೀಸರ ವರ್ತನೆ ತಪ್ಪೆನಿಸಿದರೆ ನಿಲ್ಲಿಸಿ, ಹೆಸರಿನ ಪಟ್ಟಿ ಗುರುತಿಟ್ಟುಕೊಂಡು, ಆಮೇಲೆ ದೂರು ಕೊಡಿ.

ಹೆಲ್ಮೆಟ್ ಇಲ್ಲದ ಬೈಕ್ ಸವಾರರನ್ನು ಹಿಡಿಯಲು ಪೊಲೀಸರು ತಟ್ಟನೆ ಅಡ್ಡ ಬರುತ್ತಾರೆ, ಕೀ ಕಿತ್ತುಕೊಳ್ಳುತ್ತಾರೆ. ಇದರಿಂದ ಇಬ್ಬರಿಗೂ ಅಪಾಯವಲ್ಲವೇ?
— ನಿವೃತ್ತ ಶಿಕ್ಷಕರು, ಮದ್ದೂರು

ಖಂಡಿತ ಹೌದು ಮೇಷ್ಟ್ರೇ. 2025ರ ಮೇ ತಿಂಗಳಲ್ಲಿ ನಿಮ್ಮ ಜಿಲ್ಲಾ ಕೇಂದ್ರ ಮಂಡ್ಯದಲ್ಲೇ, ಹೆಲ್ಮೆಟ್ ತಪಾಸಣೆಗೆ ಬೈಕ್ ತಡೆದಾಗ ಬಿದ್ದು ಪುಟ್ಟ ಮಗು ತೀರಿಕೊಂಡಿತು. ನಾಯಿ ಕಚ್ಚಿದ್ದ ಆ ಮಗುವನ್ನು ಹೆತ್ತವರು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಮೂವರು ಎಎಸ್‌ಐಗಳು ಅಮಾನತಾದರು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ವಾಹನ ತಡೆಯಬಾರದು, ಏಕಾಏಕಿ ಅಡ್ಡ ಬರಬಾರದು, ಕೀ ಕಿತ್ತುಕೊಳ್ಳಬಾರದು, ಹಿಂಬದಿ ಸವಾರರನ್ನು ಎಳೆಯಬಾರದು ಎಂದು ರಾಜ್ಯ ಪೊಲೀಸ್ ಮುಖ್ಯಸ್ಥರು ಬಳಿಕ ಸೂಚನೆ ಹೊರಡಿಸಿದರು.

ಕೀ ಕಿತ್ತುಕೊಳ್ಳುವುದರಲ್ಲಿ ಪೊಲೀಸರಿಗಿರುವ ಅಪಾಯದ ಮಾತು ಕಡಿಮೆ ಕೇಳಿಬರುತ್ತದೆ. ಕಾರಿನ ಕಿಟಕಿಯೊಳಗೆ ಕೈ ಹಾಕಿದರೆ ತೋಳು ಸ್ಟೀರಿಂಗ್ ಮತ್ತು ಬಾಗಿಲಿನ ನಡುವೆ ಸಿಗುತ್ತದೆ, ಚಾಲಕ ಆಕ್ಸಿಲರೇಟರ್ ಒತ್ತಿದರೆ ದೇಹ ಕಾರಿನೊಂದಿಗೇ ಎಳೆದುಹೋಗುತ್ತದೆ. ಬಾನೆಟ್ ಮೇಲೆ ಏರಿದ ಸಿಬ್ಬಂದಿಯನ್ನು ಹೊತ್ತೊಯ್ಯುವ ವಿಡಿಯೋಗಳನ್ನು ನೀವು ನೋಡಿರುತ್ತೀರಿ. ಹೆಚ್ಚಿನವು ಶುರುವಾಗುವುದು ನಿಂತ ಕಾರಿನ ಎದುರಿಗೆ ಸಿಬ್ಬಂದಿ ಹೋಗಿ ನಿಂತಾಗ. 20 ಕಿ.ಮೀ. ವೇಗದಲ್ಲೂ ಕಾರು ಸೆಕೆಂಡಿಗೆ ಐದೂವರೆ ಮೀಟರ್ ಬರುತ್ತದೆ. ನಂಬರ್ ಪ್ಲೇಟಿನ ಫೋಟೋ ಸಿಕ್ಕರೆ ಹೆಲ್ಮೆಟ್, ಸೀಟ್ ಬೆಲ್ಟ್, ವೇಗದ ದಂಡ ಮನೆಗೇ ಹೋಗುತ್ತದೆ. ಅದಕ್ಕಾಗಿ ಯಾರ ಮೂಳೆಯೂ ಮುರಿಯಬೇಕಿಲ್ಲ.

ನಮ್ಮ ಭಾಗದಲ್ಲಿ ಅಕ್ರಮ ಮರಳಿನ ಟಿಪ್ಪರ್, ಟ್ರ್ಯಾಕ್ಟರ್ ತಡೆಯಲು ಹೋದ ಪೊಲೀಸರ ಮೇಲೇ ಗಾಡಿ ಹತ್ತಿಸುತ್ತಾರೆ. ಇದಕ್ಕೆ ಉಪಾಯವೇ ಇಲ್ಲವೇ?
— ರೈತ, ಜೇವರ್ಗಿ ತಾಲ್ಲೂಕು

2023ರ ಜೂನ್‌ನಲ್ಲಿ ನಿಮ್ಮದೇ ತಾಲ್ಲೂಕಿನಲ್ಲಿ ನೆಲೋಗಿ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಮರಳಿನ ಟ್ರ್ಯಾಕ್ಟರ್ ಅಡಿ ಸಿಕ್ಕಿ ಪ್ರಾಣ ಬಿಟ್ಟರು. ಅದಕ್ಕೆ ಮೊದಲು 2012ರ ಮಾರ್ಚ್‌ನಲ್ಲಿ ಮಧ್ಯಪ್ರದೇಶದ ಮೊರೇನಾದಲ್ಲಿ ಐಪಿಎಸ್ ಅಧಿಕಾರಿ ನರೇಂದ್ರ ಕುಮಾರ್, 2022ರ ಜುಲೈನಲ್ಲಿ ಹರಿಯಾಣದ ನೂಹ್‌ನಲ್ಲಿ ಡಿಎಸ್‌ಪಿ ಸುರೇಂದರ್ ಸಿಂಗ್ ಸತ್ತದ್ದೂ ಇದೇ ರೀತಿ: ಅಕ್ರಮ ಗಣಿಗಾರಿಕೆಯ ಗಾಡಿ, ಅದನ್ನು ತಡೆಯಲು ಹೋದ ಅಧಿಕಾರಿ.

ತುಂಬಿದ ಹತ್ತು ಚಕ್ರದ ಟಿಪ್ಪರ್ ಸುಮಾರು 28 ಟನ್. ಅದೇ ವೇಗದ ಸಣ್ಣ ಕಾರಿಗಿಂತ ಅದರ ಹೊಡೆತದ ಶಕ್ತಿ ಇಪ್ಪತ್ತು ಪಟ್ಟಿಗೂ ಹೆಚ್ಚು. ಇಬ್ಬರು ಎತ್ತಿಡಬಹುದಾದ ಕಬ್ಬಿಣದ ಬ್ಯಾರಿಕೇಡ್ ಅದನ್ನು ತಡೆಯುವುದಿಲ್ಲ, ತಾನೇ ಹಾರಿ ಪಕ್ಕದಲ್ಲಿ ನಿಂತವರಿಗೆ ಬಡಿಯುತ್ತದೆ. ಎತ್ತರದ ಕ್ಯಾಬಿನ್ ಲಾರಿಯ ಮೂತಿಯ ಮುಂದೆ ಒಂದೆರಡು ಮೀಟರ್ ಒಳಗೆ ನಿಂತವರು ಚಾಲಕನಿಗೆ ಕಾಣದೇ ಇರಬಹುದು, ಎಡಬದಿಯಲ್ಲಿ ಕಾಣದ ಜಾಗ ಇನ್ನೂ ದೊಡ್ಡದು. ಟ್ರ್ಯಾಕ್ಟರಿನ ಕಷ್ಟ ಬೇರೆ. ಬ್ರೇಕ್ ಇರುವುದು ಇಂಜಿನ್ನಿಗೆ, ಟ್ರೇಲರಿಗೆ ಬಹುತೇಕ ಇರುವುದಿಲ್ಲ. ಚಾಲಕ ನಿಲ್ಲಿಸಬೇಕೆಂದರೂ ಹಿಂದಿನ ಹಸಿ ಮರಳಿನ ಭಾರ ತಳ್ಳುತ್ತಲೇ ಇರುತ್ತದೆ, ಟ್ರೇಲರ್ ಪಕ್ಕಕ್ಕೆ ಮಡಚಿಕೊಂಡು ಬದಿಯಲ್ಲಿ ನಿಂತವರನ್ನು ಒರೆಸಿಕೊಂಡು ಹೋಗುತ್ತದೆ.

ಆದ್ದರಿಂದ ಓಡುವ ಗಾಡಿಯನ್ನು ಬೈಕಿನಲ್ಲಿ ಬೆನ್ನಟ್ಟಿ ಎದುರಿಗೆ ಹೋಗಿ ನಿಲ್ಲುವ ಕೆಲಸವೇ ಕೂಡದು, ಒಬ್ಬರೋ ಇಬ್ಬರೋ ಹೋಗುವುದಂತೂ ಕೂಡದೇ ಕೂಡದು. ಮರಳು ಹೊಳೆಯಿಂದ ಹೊರಬರುವ ದಾರಿಗಳು ಊರವರಿಗೆಲ್ಲ ಗೊತ್ತಿರುತ್ತವೆ, ಸಾಮಾನ್ಯವಾಗಿ ಎರಡೋ ಮೂರೋ. ತುಂಬುವ ಜಾಗದಲ್ಲಿ ನಿಂತಿರುವಾಗಲೇ ದಾಳಿ ಮಾಡಬೇಕು. ಇಲ್ಲವೇ ದಡ ಹತ್ತುವ ದಾರಿಗೆ ಮೊದಲೇ ಇನ್ನೊಂದು ಭಾರಿ ವಾಹನ, ಜೆಸಿಬಿ ಆದರೂ ಸರಿ, ಅಡ್ಡ ನಿಲ್ಲಿಸಿ ಅದರಿಂದ ಎಲ್ಲರೂ ದೂರ ಸರಿದಿರಬೇಕು. ತೂಕದ ಗಾಡಿಯನ್ನು ತೂಕವೇ ತಡೆಯಬೇಕು. ಗಾಡಿ ತಪ್ಪಿಸಿಕೊಂಡರೆ ನಂಬರ್, ಬಣ್ಣ, ಕ್ಯಾಬಿನ್ ಮೇಲಿನ ಬರಹ, ಒಡೆದ ಲೈಟ್, ಹೋದ ದಿಕ್ಕು ಇವಿಷ್ಟನ್ನು ವೈರ್‌ಲೆಸ್‌ನಲ್ಲಿ ಮುಂದಿನ ಠಾಣೆಗೆ ಹೇಳಿ. ಟಿಪ್ಪರ್ ತುಂಬಿದ ಮರಳು ಜೇಬಿನಲ್ಲಿ ಅಡಗುವುದಿಲ್ಲ, ಎಲ್ಲೋ ಸುರಿಯಲೇಬೇಕು.

ಈ ಸಾವುಗಳನ್ನು ಬರೀ ಧೈರ್ಯದ ಕಥೆಯಾಗಿ ಹೇಳುವುದು ಅವರಿಗೆ ಮಾಡುವ ಅನ್ಯಾಯ. ಇಬ್ಬರನ್ನು ಒಂದು ಬೈಕ್ ಕೊಟ್ಟು ರಾತ್ರಿ ಹೊಳೆದಂಡೆಗೆ ಕಳಿಸುವ ಮೊದಲು ಕಳಿಸುವವರು ಲೆಕ್ಕ ಹಾಕಬೇಕು.

ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದೇನೆ. ಕಾರಿನಲ್ಲಿ ಶಸ್ತ್ರಸಜ್ಜಿತ ದರೋಡೆಕೋರರು ಇದ್ದಾರೆಂದು ಮಾಹಿತಿ ಬಂದರೆ ಆ ಕಾರನ್ನು ಹೇಗೆ ನಿಲ್ಲಿಸಬೇಕು? ಸಾಮಾನ್ಯ ತಪಾಸಣೆಗೂ ಇದಕ್ಕೂ ಏನು ವ್ಯತ್ಯಾಸ?
— ಪದವೀಧರೆ, ವಿಜಯಪುರ

ಮುಖ್ಯ ವ್ಯತ್ಯಾಸ ಇಷ್ಟು: ಸಾಮಾನ್ಯ ತಪಾಸಣೆಯಲ್ಲಿ ಪೊಲೀಸರು ಕಾರಿನ ಬಳಿಗೆ ಹೋಗುತ್ತಾರೆ. ಇಲ್ಲಿ ಹೋಗುವುದಿಲ್ಲ, ಒಳಗಿರುವವರನ್ನು ಒಬ್ಬೊಬ್ಬರಾಗಿ ತಮ್ಮ ಕಡೆಗೆ ಬರಿಸಿಕೊಳ್ಳುತ್ತಾರೆ.

ಈ ಪಾಠಕ್ಕೆ ದೊಡ್ಡ ಬೆಲೆ ತೆತ್ತದ್ದು ಅಮೆರಿಕದ ಕ್ಯಾಲಿಫೋರ್ನಿಯಾ. 1970ರ ಏಪ್ರಿಲ್ 5ರ ರಾತ್ರಿ, ನ್ಯೂಹಾಲ್ ಬಳಿ. ಒಬ್ಬಾತ ಕಾರಿನಿಂದ ಪಿಸ್ತೂಲು ತೋರಿಸಿದ ಎಂಬ ದೂರಿನ ಮೇಲೆ ಹೆದ್ದಾರಿ ಗಸ್ತಿನ ಇಬ್ಬರು ಆ ಕಾರನ್ನು ಹಿಂಬಾಲಿಸಿದರು. ಇನ್ನೊಂದು ಗಸ್ತು ವಾಹನ ಬರುತ್ತಿದೆ ಎಂದು ಗೊತ್ತಿತ್ತು. ಅದು ಬರುವ ಮೊದಲೇ, ಕಾರು ನಿಂತ ಕೂಡಲೇ ಕೆಲಸ ಶುರು ಮಾಡಿದರು. ಒಬ್ಬರು ಬಂದೂಕು ಹಿಡಿದು ಕಾರಿನ ಪಕ್ಕಕ್ಕೇ ನಡೆದು ಹೋದರು. ಒಳಗಿದ್ದವ ಗುಂಡು ಹಾರಿಸಿದ. ಐದು ನಿಮಿಷದೊಳಗೆ ಆ ಇಬ್ಬರೂ, ಸಹಾಯಕ್ಕೆ ಬಂದ ಇನ್ನಿಬ್ಬರೂ ಸತ್ತಿದ್ದರು. ತರಬೇತಿಯ ಕ್ರಮವೇ ಆಮೇಲೆ ಬದಲಾಯಿತು.

ಈಗ ಹಂತಗಳು. ಕನಿಷ್ಠ ಎರಡು ವಾಹನ, ಸಾಧ್ಯವಾದರೆ ಮೂರು, ಸೇರುವವರೆಗೆ ಕಾರನ್ನು ನಿಲ್ಲಿಸಬೇಡಿ. ದೂರದಿಂದ ಹಿಂಬಾಲಿಸುತ್ತ ಜನ ಕಡಿಮೆ ಇರುವ, ಬೆಳಕಿರುವ ಜಾಗ ಆರಿಸಿ. ಶಾಲೆ, ಬಸ್ ನಿಲ್ದಾಣ, ಪೆಟ್ರೋಲ್ ಬಂಕ್ ದಾಟಿಸಿ. ಕಾರು ನಿಂತ ಮೇಲೆ 10ರಿಂದ 15 ಮೀಟರ್ ಹಿಂದೆ ನಿಮ್ಮ ವಾಹನಗಳು ಅಕ್ಕಪಕ್ಕ ನಿಲ್ಲಲಿ, ಹೈಬೀಮ್ ಮತ್ತು ಸರ್ಚ್‌ಲೈಟ್ ಆ ಕಾರಿನ ಕನ್ನಡಿಗಳ ಮೇಲೆ ಬೀಳಲಿ. ಆ ಬೆಳಕಿನ ಹಿಂದೆ ನೀವು ಕಾಣುವುದಿಲ್ಲ. ಆದರೆ ನಿಮ್ಮವರೇ ಯಾರಾದರೂ ಹೆಡ್‌ಲೈಟ್ ಮುಂದೆ ಹಾದರೆ ಆ ನೆರಳು ಗುರಿಯಾಗುತ್ತದೆ. ಹಿಂದಿನಿಂದ ಬರುವ ಸಂಚಾರವನ್ನೂ, ಸಾಧ್ಯವಾದರೆ ಎದುರಿನದನ್ನೂ ಬೇರೆ ಸಿಬ್ಬಂದಿ ತಡೆಯಬೇಕು.

ವಾಹನದ ಬಾಗಿಲು ಗುಂಡು ತಡೆಯುವುದಿಲ್ಲ, ಅದು ತೆಳು ತಗಡು. ತಡೆಯುವ ಭಾಗವೆಂದರೆ ಇಂಜಿನ್ ಮತ್ತು ಚಕ್ರದ ಜಾಗ, ಅದರ ಹಿಂದೆ ತಗ್ಗಿ ನಿಲ್ಲಿ. ಕಾರನ್ನು ನಾಲ್ಕೂ ಕಡೆ ಸುತ್ತುವರಿಯುವುದು ನೋಡಲು ಚೆನ್ನ, ಆದರೆ ಎರಡು ಎದುರುಬದುರು ಬದಿಯಲ್ಲಿ ನಿಂತವರ ಗುಂಡು ಪರಸ್ಪರರಿಗೇ ತಗಲುತ್ತದೆ. ಎಲ್ಲರೂ ಒಂದೇ ಗೆರೆಯ ಹಿಂದೆ ಇರಬೇಕು.

ಆಜ್ಞೆ ಕೊಡುವ ದನಿ ಒಂದೇ. ಮೂರು ಜನ ಮೂರು ಮಾತು ಕೂಗಿದರೆ "ಕೈ ಎತ್ತು" ಮತ್ತು "ಬಾಗಿಲು ತೆಗಿ" ಎರಡನ್ನೂ ಒಟ್ಟಿಗೆ ಪಾಲಿಸಲು ಆಗದೆ ಒಳಗಿರುವವ ತಡವರಿಸುತ್ತಾನೆ. ಆ ತಡವರಿಕೆ ಆಯುಧ ತೆಗೆಯುವಂತೆ ಕಾಣುತ್ತದೆ. ಮೆಗಾಫೋನಿನಲ್ಲಿ ಚಿಕ್ಕ ಚಿಕ್ಕ ವಾಕ್ಯ ಹೇಳಿ. ವಿಜಯಪುರದ ಗಡಿಯಲ್ಲಿ ಮರಾಠಿ, ಹಿಂದಿಯಲ್ಲೂ ಹೇಳಲು ಬರುವವರು ಜೊತೆಗಿರಲಿ. ಕ್ರಮ ಹೀಗೆ: ಎಲ್ಲ ಗಾಜು ಇಳಿಸು. ಇಂಜಿನ್ ಆಫ್ ಮಾಡು. ಕೀ ಹೊರಗೆ ಎಸೆ. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ ರಿಮೋಟ್ ಕೂಡ ಹೊರಗೆ ಬೀಳಬೇಕು, ಅದು ಒಳಗಿದ್ದರೆ ಕಾರು ಮತ್ತೆ ಓಡುತ್ತದೆ. ಎಲ್ಲರೂ ಎರಡೂ ಕೈ ಕಿಟಕಿಯಿಂದ ಹೊರಗೆ ಚಾಚಿ. ಸೀಟ್ ಬೆಲ್ಟ್ ಬಿಚ್ಚುವುದನ್ನು ಬೇರೆಯಾಗಿ, ಒಂದು ಕೈ ಹೊರಗಿಟ್ಟುಕೊಂಡೇ ಬಿಚ್ಚಲು ಹೇಳಿ, ಆ ಕೈ ಸೊಂಟದ ಕಡೆ ಹೋಗುವ ಕ್ಷಣವೇ ಅನಾಹುತದ್ದು. ಚಾಲಕ ಹೊರಗಿನ ಹಿಡಿಯಿಂದ ಬಾಗಿಲು ತೆರೆದು, ಬೆನ್ನು ನಿಮ್ಮ ಕಡೆ ಮಾಡಿ, ಕೈ ಮೇಲೆತ್ತಿ ಇಳಿಯಬೇಕು. ಒಂದು ಸುತ್ತು ತಿರುಗಿಸಿ ಸೊಂಟ ನೋಡಿ. ಹಿಮ್ಮುಖವಾಗಿ ನಡೆದು ನಿಮ್ಮ ವಾಹನಗಳ ನಡುವೆ ಬರಲಿ, ಮಂಡಿಯೂರಲಿ, ಆಮೇಲೆ ಬೇಡಿ. ಕೊಲೆ, ಅಕ್ರಮ ಶಸ್ತ್ರಾಸ್ತ್ರ ಇಟ್ಟುಕೊಳ್ಳುವುದು ಇಂಥ ಗಂಭೀರ ಪ್ರಕರಣಗಳಲ್ಲಿ ಬೇಡಿ ತೊಡಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಸೆಕ್ಷನ್ ಅವಕಾಶ ಕೊಡುತ್ತದೆ, ಎಲ್ಲ ಪ್ರಕರಣಕ್ಕೂ ಅಲ್ಲ.

ಒಬ್ಬನಿಗೆ ಬೇಡಿ ಬಿದ್ದ ಮೇಲೆಯೇ ಇನ್ನೊಬ್ಬ. ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಇರಬಹುದು, ಬಾಗಿಲು ತೆರೆಯದವ ಹಟ ಮಾಡುತ್ತಿದ್ದಾನೆಂದೇ ತಿಳಿಯಬೇಡಿ. ಕೊನೆಯವನು ಬಂದ ಮೇಲೂ ಕಾರು ಖಾಲಿ ಎಂದು ನಂಬುವಂತಿಲ್ಲ. "ಒಳಗೆ ಇನ್ನೂ ಇರುವವನೇ, ಕೈ ತೋರಿಸು" ಎಂದು ಮತ್ತೆ ಕೂಗಿ, ಕಾದು, ಆಮೇಲೆ ಇಬ್ಬರು ಒಂದೇ ಬದಿಯಿಂದ ಹಿಂಬದಿ ಸೀಟು, ಮುಂದಿನ ಸೀಟು, ಕಡೆಗೆ ಡಿಕ್ಕಿ ನೋಡಬೇಕು. ಇಷ್ಟಕ್ಕೆ ಇಪ್ಪತ್ತು ನಿಮಿಷ ಹಿಡಿದರೂ ಸರಿ. ಅವಸರ ಇರುವುದು ಅವರಿಗೆ, ನಿಮಗಲ್ಲ.

ಮಾಹಿತಿ ಇಲ್ಲದೆ ತಡೆದ ಸಾಮಾನ್ಯ ಕಾರಿಗೂ ಒಂದು ಮಾತು. ನಮ್ಮಲ್ಲಿ ಚಾಲಕ ಬಲಗಡೆ, ಅಂದರೆ ಗಾಡಿಗಳು ಓಡುವ ಕಡೆ ಕೂತಿರುತ್ತಾನೆ. ಎಡಬದಿಯಿಂದ ಹೋಗಿ. ರಸ್ತೆಯ ಅಪಾಯ ತಪ್ಪುತ್ತದೆ, ಚಾಲಕನ ಮಡಿಲು, ಎಡಗೈ, ಗೇರ್ ಬಳಿಯ ಜಾಗ ಎಲ್ಲ ಕಾಣುತ್ತದೆ. ಮೊದಲು ಹಿಂದಿನ ಸೀಟು ನೋಡಿ, ಎರಡು ಬಾಗಿಲುಗಳ ನಡುವಿನ ಕಂಬದ ಬಳಿ ನಿಂತು ಮಾತಾಡಿ. ಗಾಜಿನ ಕಪ್ಪು ಫಿಲ್ಮನ್ನು ಸುಪ್ರೀಂ ಕೋರ್ಟ್ 2012ರಲ್ಲೇ ನಿಷೇಧಿಸಿದೆ. ಅದು ಅಂಟಿರುವ ಕಾರಾದರೆ ಗಾಜು ಪೂರ್ತಿ ಇಳಿದು, ಒಳಗಿನ ದೀಪ ಹತ್ತುವ ತನಕ ಹತ್ತಿರ ಹೋಗಬೇಡಿ.

ಮಗ ಅಮೆರಿಕದ ಟೆಕ್ಸಸ್‌ನಲ್ಲಿದ್ದಾನೆ. ಪೊಲೀಸರು ಕಾರು ನಿಲ್ಲಿಸಿದಾಗ ಇವನು ಮರ್ಯಾದೆಗೆಂದು ಇಳಿದು ಅವರ ಬಳಿಗೆ ಹೋದನಂತೆ. ಅವರು ಕೂಗಾಡಿ ಪಿಸ್ತೂಲಿನ ಮೇಲೆ ಕೈಯಿಟ್ಟರಂತೆ. ಇವನೇನು ತಪ್ಪು ಮಾಡಿದ?
— ಒಬ್ಬ ತಾಯಿ, ಶಿವಮೊಗ್ಗ

ನಿಮ್ಮ ಮಗನ ಮನಸ್ಸಿನಲ್ಲಿ ತಪ್ಪಿರಲಿಲ್ಲ ತಾಯಿ. ನಮ್ಮಲ್ಲಿ ಕೂತಲ್ಲೇ ಕೂತು ಸಾಹೇಬರನ್ನು ಹತ್ತಿರ ಬರಿಸಿಕೊಳ್ಳುವುದು ಉದ್ಧಟತನ, ಇಳಿದು ಹೋಗುವುದು ಗೌರವ. ಅಲ್ಲಿ ಇದು ತಿರುಗುಮುರುಗು. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ ಅರ್ಹ ವಯಸ್ಕರು ಪರವಾನಗಿಯೇ ಇಲ್ಲದೆ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಕಾರಿನಿಂದ ಇಳಿದು ತಮ್ಮತ್ತ ಬರುವವನನ್ನು ಪೊಲೀಸರು ಮೊದಲು ಅಪಾಯವೆಂದೇ ಎಣಿಸುತ್ತಾರೆ. ಮೇಲೆ ಹೇಳಿದ ನ್ಯೂಹಾಲ್‌ನಂಥವು ಅವರ ತರಬೇತಿಯಲ್ಲಿ ಇನ್ನೂ ಇವೆ.

ಮಗನಿಗೆ ಹೀಗೆ ಹೇಳಿ. ಹಿಂದೆ ದೀಪ ಮಿನುಗಿದರೆ ಇಂಡಿಕೇಟರ್ ಹಾಕಿ ಬಲಬದಿಗೆ ನಿಲ್ಲಿಸಲಿ. ರಾತ್ರಿಯಾದರೆ ಒಳಗಿನ ದೀಪ ಹಾಕಲಿ, ಕಿಟಕಿ ಇಳಿಸಲಿ, ಎರಡೂ ಕೈ ಸ್ಟೀರಿಂಗ್ ಮೇಲೆ ಕಾಣುವಂತೆ ಇಡಲಿ. ಕಾಗದಪತ್ರಕ್ಕಾಗಿ ಮುಂಚೆಯೇ ಡ್ಯಾಶ್‌ಬೋರ್ಡ್ ಖಾನೆ ತಡಕಬಾರದು. ಕೇಳಿದಾಗ, ಎಲ್ಲಿದೆ ಎಂದು ಬಾಯಲ್ಲಿ ಹೇಳಿ ಆಮೇಲೆ ನಿಧಾನವಾಗಿ ತೆಗೆಯಲಿ. ಇಳಿ ಎಂದರೆ ಇಳಿಯಲೇಬೇಕು, ಹಾಗೆ ಹೇಳುವ ಅಧಿಕಾರವನ್ನು ಅಲ್ಲಿನ ಸುಪ್ರೀಂ ಕೋರ್ಟ್ 1977ರಲ್ಲೇ ಎತ್ತಿಹಿಡಿದಿದೆ. ನಿಲ್ಲಿಸಿದವರು ನಿಜವಾದ ಪೊಲೀಸರೇ ಎಂಬ ಅನುಮಾನವಿದ್ದರೆ 911ಕ್ಕೆ ಕರೆ ಮಾಡಿ ಕೇಳಬಹುದು. ಬೇರೆ ಯಾರನ್ನೋ ನಿಲ್ಲಿಸಿಕೊಂಡ ಪೊಲೀಸ್ ವಾಹನ ರಸ್ತೆ ಬದಿಯಲ್ಲಿ ಕಂಡರೆ ಪಕ್ಕದ ಲೇನಿಗೆ ಸರಿಯಬೇಕು, ಆಗದಿದ್ದರೆ ವೇಗ ಇಳಿಸಬೇಕು. ಈ ಕಾನೂನು ಅಮೆರಿಕದ 50 ರಾಜ್ಯಗಳಲ್ಲೂ ಇದೆ. ನಮ್ಮಲ್ಲಿ ಕಾನೂನಾಗುವ ತನಕ ಕಾಯದೆ, ನಾಕಾಬಂದಿಯ ಬ್ಲಿಂಕರ್ ಕಂಡ ಕೂಡಲೇ ನಾವೂ ಡಿಪ್ ಮಾಡಿ ಬಲಕ್ಕೆ ಸರಿದು ನಿಧಾನಿಸಿದರೆ, ಹಿರಿಯೂರಿನ ಆ ಮನೆಯಾಕೆಯ ಯಜಮಾನರು ಬೆಳಗಿನ ಕಾಫಿಗೆ ಮನೆಗೆ ಬರುತ್ತಾರೆ.